ಪಿಲ್ಸುನ್ ಕಟ್ಟಿದ ಮೀನು

ನಮ್ಮ ಕಣಿವೆಯಲ್ಲಿ ಯಾರು ಹೊಸ ಗಾಡಿ ಕೊಂಡರೂ ಪೂಜೆಯ ಒಣಮೀನನ್ನು ಪಿಲ್ಸುನ್ ಅಕ್ಕನ ಕೈಯಿಂದಲೇ ಇಸಿದುಕೊಳ್ಳುತ್ತಿದ್ದರು. ಪೂಜೆಗಿಡುವ ಹಂದಿಯ ತಲೆ ಎಲ್ಲಿಂದಾದರೂ ಬರಲಿ, ಚಕ್ರಗಳಿಗೆ ಸುರಿಯುವ ಅಕ್ಕಿ ಹೆಂಡ ಯಾವ ಅಂಗಡಿಯದಾದರೂ ಆಗಲಿ, ಮೀನನ್ನು ಮಾತ್ರ ಅವಳೇ ಆರಿಸಬೇಕು, ಬಿಳಿ ನೂಲಿನ ಲಡಿಯನ್ನು ಅವಳೇ ಸುತ್ತಬೇಕು. ಬಾಲ ಮುರಿಯದ, ಕಣ್ಣು ಕೆಡದ ಮೀನು. ಪೂಜೆಯಾದ ಮೇಲೆ ಅದು ಗಾಡಿಯಲ್ಲೇ ಉಳಿಯುತ್ತದೆ. ಮೀನು ಕಣ್ಣು ಮುಚ್ಚುವುದಿಲ್ಲವಲ್ಲ, ಡ್ರೈವರು ತೂಕಡಿಸಿದರೂ ಅದು ದಾರಿ ಕಾಯುತ್ತದೆ ಎಂದು ನಮ್ಮ ನಂಬಿಕೆ. ಪಿಲ್ಸುನ್ ಕಟ್ಟಿಕೊಟ್ಟ ಮೀನಿದ್ದ ಒಂದು ಗಾಡಿಯೂ ಕಂದಕಕ್ಕೆ ಬಿದ್ದಿಲ್ಲ ಎಂದು ಡ್ರೈವರುಗಳು ನನ್ನ ಅಂಗಡಿಯಲ್ಲಿ ಕೂತು ಹೇಳುತ್ತಿದ್ದರು. ನನ್ನದು ಘಾಟಿಯ ಬುಡದಲ್ಲಿ ಒಣಮೀನಿನ ಸಾರಿನ ಅಂಗಡಿ. ರಾತ್ರಿ ಕುಡಿದವರು ಬೆಳಿಗ್ಗೆ ಬಂದು ಪಶ್ಚಾತ್ತಾಪ ಪಡುವ ಜಾಗ. ಹಾಗಾಗಿ ಊರಿನ ಬಾಯಿ ಎಷ್ಟು ಬೇಗ ತಿರುಗುತ್ತದೆ ಎಂಬುದನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಕಡಿಮೆ.

ಅವಳ ಅಪ್ಪನಿಗೆ ಸಾಲಾಗಿ ಹೆಣ್ಣುಮಕ್ಕಳೇ ಹುಟ್ಟಿದ್ದವು. ಇನ್ನು ಹೆಣ್ಣು ಸಾಕು ಎಂಬ ಅರ್ಥ ಬರುವ ಹೆಸರನ್ನೇ ಇವಳಿಗೆ ಇಟ್ಟ. ಹುಟ್ಟಿದ ದಿನವೇ ಸಾಕು ಅನ್ನಿಸಿಕೊಂಡವಳು ಶಾಲೆಗೆ ಹೋಗುವ ವಯಸ್ಸಿನಲ್ಲಿ ಮೀನಿನ ಚಪ್ಪರದ ಕೆಲಸಕ್ಕೆ ಬಂದಳು. ಚಳಿಗಾಲದಲ್ಲಿ ನಮ್ಮ ಕಣಿವೆಯ ತುಂಬ ಮರದ ಚಪ್ಪರಗಳು. ಸಮುದ್ರದ ಕಡೆಯಿಂದ ಘಾಟಿ ಹತ್ತಿ ಬಂದ ಮೀನು ರಾತ್ರಿ ಹೆಪ್ಪುಗಟ್ಟಿ, ಹಗಲು ಕರಗಿ, ಹೊಂಬಣ್ಣಕ್ಕೆ ತಿರುಗುವವರೆಗೆ ಅಲ್ಲೇ ತೂಗುತ್ತದೆ. ಎರಡೆರಡು ಮೀನಿನ ಮೂಗು ಚುಚ್ಚಿ ಜೋಡಿ ಕಟ್ಟುವುದು ಹೆಂಗಸರ ಕೆಲಸ. ಪಿಲ್ಸುನ್ ಕಟ್ಟಿದ ಗಂಟು ಗಾಳಿಗೆ ಬಿಚ್ಚಿದ್ದನ್ನು ನಾನು ಕಂಡಿಲ್ಲ. ಕೈಗವಸು ಹಾಕಿದರೆ ಗಂಟು ಸಡಿಲಾಗುತ್ತದೆ ಎಂದು ಬರಿಗೈಯಲ್ಲೇ ಕಟ್ಟುತ್ತಿದ್ದಳು. ಬೆರಳುಗಳು ಶುಂಠಿಯ ಬೇರಿನಂತೆ ಸೊಟ್ಟಗಾಗಿದ್ದವು.

ಅವಳ ಗಂಡ ಚಿಸು ಮೀನು ಸಾಗಿಸುವ ಲಾರಿ ಓಡಿಸುತ್ತಿದ್ದ. ಮಾತು ಕಡಿಮೆ, ಸಾರಿಗೆ ಅನ್ನ ಸುರಿದುಕೊಂಡು ಸದ್ದಿಲ್ಲದೆ ತಿಂದು ಏಳುವವನು. ಜೀವಮಾನವೆಲ್ಲ ಬೇರೆಯವರ ಗಾಡಿ ಓಡಿಸಿ, ಓರಗೆಯವರು ಲೈಸೆನ್ಸು ಬಿಟ್ಟು ಮೊಮ್ಮಕ್ಕಳ ಕೈ ಹಿಡಿಯುವ ಕಾಲಕ್ಕೆ ತನ್ನದೇ ಒಂದು ಸಣ್ಣ ಲಾರಿ ಕೊಂಡ. ಹೊಚ್ಚ ಹೊಸದು. ಎಂಜಿನ್ನು ಸೀಟಿನ ಅಡಿಯಲ್ಲಿರುತ್ತದಲ್ಲ, ಆ ಬಗೆಯದು. ಮಕ್ಕಳಿಲ್ಲದ ಮನೆ. ಆ ಗಾಡಿ ಬಂದ ದಿನ ಅಂಗಳದಲ್ಲಿ ಮಗು ಹುಟ್ಟಿದಷ್ಟು ಗದ್ದಲ.

ಪೂಜೆಗೆ ನಾವೆಲ್ಲ ಸೇರಿದ್ದೆವು. ಚಿಸುವಿನ ಅಕ್ಕ ಓಕ್‌ಬುನ್ ಕೂಡ ಇದ್ದಳು. ತಾಯಿ ಸತ್ತ ಮೇಲೆ ಚಿಸುವನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವಳು, ಮದುವೆಯೇ ಆಗದೆ ತಮ್ಮನ ಮನೆಯ ಎದುರುಕೋಣೆಯಲ್ಲೇ ಉಳಿದವಳು. ಪಿಲ್ಸುನ್ ಮೀನನ್ನು ಸೀಟಿನ ಕೆಳಗೆ ಕಟ್ಟುವುದನ್ನು ನೋಡಿ ಅವಳು ಗೊಣಗಿದಳು.

"ಊರೋರೆಲ್ಲ ಮುಂದಿನ ಗಾಜಿನ ಹತ್ರ ಇಡ್ತಾರೆ. ನೀನ್ಯಾಕೆ ಅಲ್ಲಿ ತುರುಕ್ತಿದ್ದೀಯ?"

"ಮುಂದೆ ಇಟ್ರೆ ಜನ ನೋಡೋಕಾಗುತ್ತೆ ಅತ್ತಿಗೆ. ಇಲ್ಲಿಟ್ರೆ ಇವರ ಜೀವದ ಹತ್ರ ಇರುತ್ತೆ."

"ಜೀವದ ಹತ್ರ ಅಲ್ಲ, ಕುಂಡಿ ಹತ್ರ" ಎಂದ ಚಿಸು.

ಎಲ್ಲರೂ ನಕ್ಕರು. ಓಕ್‌ಬುನ್ ಕೂಡ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಚಿಸು ನಾಲ್ಕು ಜನರೆದುರು ತಮಾಷೆ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುವರ್ಷದ ಚಳಿಗಾಲದ ಒಂದು ಬೆಳಿಗ್ಗೆ ಅವನು ಬಂದರಿನಿಂದ ಮೀನು ತುಂಬಿಕೊಂಡು ಘಾಟಿ ಹತ್ತಿದ. ಹಿಮ ಸುರಿದು ದಾರಿ ಕಟ್ಟಿತ್ತು. ಪೊಲೀಸರು ಗಾಡಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ಹೀಟರು ಬೇಕಲ್ಲ, ಎಲ್ಲರಂತೆ ಅವನೂ ಎಂಜಿನ್ನು ಚಾಲೂ ಇಟ್ಟು ಕಾದ. ಕಾಯುತ್ತ ಕಾಯುತ್ತ ಕಣ್ಣು ಹತ್ತಿತು. ನಿಂತಲ್ಲೇ ನಿಂತ ಗಾಡಿಗೆ ಬೆಂಕಿ ಬಿತ್ತು. ಹಿಂದಿದ್ದ ಲಾರಿಯವರು ಗಾಜು ಒಡೆದು ಅವನನ್ನು ಎಳೆದುಹಾಕಿದರು. ಆಸ್ಪತ್ರೆಯಲ್ಲಿ ಎರಡು ದಿನ ಇದ್ದ. ಮೂರನೆಯ ದಿನ ತೀರಿಕೊಂಡ. ಬೆಂಕಿ ಹತ್ತಿದ್ದು ಹಿಂದುಗಡೆ, ಸೈಲೆನ್ಸರ್ ಕಡೆಯಿಂದ ಎಂದು ಗಾಜು ಒಡೆದವನೇ ಪೊಲೀಸರಿಗೆ ಹೇಳಿದ. ಆ ಮಾತನ್ನು ಯಾರೂ ಮುಂದಕ್ಕೆ ಒಯ್ಯಲಿಲ್ಲ.

ನಮ್ಮಲ್ಲಿ ಸಾವಿನ ಮನೆ ಆಸ್ಪತ್ರೆಯ ನೆಲಮಾಳಿಗೆಯಲ್ಲೇ. ಅಲ್ಲೇ ಶವದ ಕೋಣೆ, ಅಲ್ಲೇ ಚಿಸುವಿನ ಫೋಟೊ, ಹೂವು, ಬಂದವರಿಗೆ ಕೆಂಪು ಖಾರದ ಸಾರು. ಮಗನಿಲ್ಲದ್ದರಿಂದ ಪಿಲ್ಸುನ್‌ಳೇ ಫೋಟೊ ಪಕ್ಕದಲ್ಲಿ ನಿಂತಳು. ಬಂದವರು ಫೋಟೊಗೆ ಅಡ್ಡಬಿದ್ದು, ಆಮೇಲೆ ಇವಳ ಕಡೆ ತಿರುಗಿ ಬಗ್ಗಿ, ಏನು ಹೇಳಬೇಕೋ ತಿಳಿಯದು ಎನ್ನುತ್ತಾರೆ. ಸತ್ತವರ ಕಡೆಯವರು ನಾನೇ ಪಾಪಿ ಎನ್ನುತ್ತಾರೆ. ತೊಂಬತ್ತು ದಾಟಿದ ಅಪ್ಪ ನಿದ್ದೆಯಲ್ಲಿ ಹೋದರೂ ಮಗ ಹಾಗೆಯೇ ಅನ್ನಬೇಕು. ನಮ್ಮಜ್ಜ ಅಂದಿದ್ದ, ನಮ್ಮಪ್ಪ ಅಂದಿದ್ದ, ನಾನೂ ಅಂದಿದ್ದೇನೆ. ದುಃಖಕ್ಕೆ ನಮ್ಮ ಜನ ಹೊಲಿಸಿಟ್ಟ ಬಟ್ಟೆ ಅದು, ಯಾರ ಮೈಗಾದರೂ ಆಗುತ್ತದೆ.

ಮೊದಲ ದಿನವೇ ಓಕ್‌ಬುನ್ ನೆಲಕ್ಕೆ ಬಡಿದುಕೊಂಡು ಅತ್ತಳು. "ಬೇಡ ಬೇಡ ಅಂದೆ, ಸೀಟಿನ ಕೆಳಗೆ ತುರುಕಿದಳು. ಒಣಗಿದ ಮೀನು, ಒಣಗಿದ ನೂಲು, ಬೆಂಕಿ ಹತ್ತದೆ ಇರುತ್ತಾ? ನಿನ್ನ ಮೀನೇ ನನ್ನ ತಮ್ಮನ್ನ ತಿಂತು."

ಅದೇ ಹೊತ್ತಿಗೆ ಗಾಡಿ ಕಂಪನಿಯ ಕಡೆಯವನೊಬ್ಬ ಬಂದ. ಹೆಸರು ನಾಮ್‌ಗುಂಗ್. ಕಪ್ಪು ಕೋಟು, ಬಿಳಿ ಹೂವು, ಒಳ್ಳೆಯ ನಡವಳಿಕೆ. ಫೋಟೊಗೆ ಎರಡು ಸಲ ಅಡ್ಡಬಿದ್ದ, ಹಣೆ ಚಾಪೆಗೆ ತಾಗುವಂತೆ. ಪಿಲ್ಸುನ್ ಕಡೆ ತಿರುಗಿ ಬಗ್ಗಿದ. ಓಕ್‌ಬುನ್‌ಳ ಕೂಗು ಇನ್ನೂ ಕಿವಿಯಲ್ಲಿದ್ದ ಪಿಲ್ಸುನ್, ಯಾರು ಎತ್ತ ಎಂದೂ ನೋಡದೆ ಅಂದಳು:

"ನಾನೇ ಪಾಪಿ. ನಾನೇ ಕೊಂದೆ ಇವರನ್ನ. ನಾನು ಕಟ್ಟಿದ ಮೀನೇ ಸುಟ್ಟಿತು."

ನಾಮ್‌ಗುಂಗ್ ಕಣ್ಣೊರೆಸಿಕೊಂಡ. ಒಳಗೆ ಹೋಗಿ ಸಾರು ಅನ್ನ ಉಂಡ, ಪಕ್ಕದವರಿಗೆ ಹೆಂಡ ಬಗ್ಗಿಸಿದ, ಮೀನು ಎಲ್ಲಿ ಕಟ್ಟಿದ್ದು, ಯಾವಾಗ ಕಟ್ಟಿದ್ದು ಎಂದು ಮೆಲ್ಲಗೆ ವಿಚಾರಿಸಿದ. ನಮ್ಮವರೂ ಬಾಯಿಬಿಟ್ಟು ಎಲ್ಲ ಹೇಳಿದರು. ಉಂಡವನ ಎದುರು ಏನು ಮುಚ್ಚುಮರೆ.

ಹಿಮ ಕರಗುವ ಹೊತ್ತಿಗೆ ಕಂಪನಿ ತನ್ನ ತೀರ್ಮಾನ ಹೇಳಿತು. ಎಂಜಿನ್ನಿನ ಹತ್ತಿರ ಹೊರಗಿನ ವಸ್ತು, ಅಂದರೆ ನೂಲು ಸುತ್ತಿದ ಒಣಮೀನು, ಅದರಿಂದ ಬೆಂಕಿ, ಮೃತನ ಹೆಂಡತಿಯೇ ಒಪ್ಪಿಕೊಂಡಿದ್ದಾಳೆ. ಟೀವಿಯವರಿಗೆ ಹಬ್ಬವಾಯಿತು. ಮೂಢನಂಬಿಕೆಗೆ ಡ್ರೈವರ್ ಬಲಿ ಎಂದು ಕನ್ನಡಕದ ಪಂಡಿತನೊಬ್ಬ ಬಂದು ಕೂತು ನಕ್ಕ. ಅವನ ಕಾರಿನ ಡಿಕ್ಕಿಯಲ್ಲೂ ಒಂದು ಮೀನು ಇದ್ದೇ ಇರುತ್ತದೆ, ನಾನು ಬೇಕಾದರೆ ಆಣೆ ಇಟ್ಟು ಹೇಳುತ್ತೇನೆ.

ನಮ್ಮ ಡ್ರೈವರುಗಳು ಅದೇ ವಾರ ಗಾಡಿಗಳಿಂದ ಮೀನು ಕಿತ್ತು ಹೊಳೆಗೆ ಎಸೆದರು. ಕೆಲವರು ನನ್ನ ಅಂಗಡಿಯ ಹಿಂದಿನ ತೊಟ್ಟಿಗೂ ಎಸೆದರು. ಚಪ್ಪರದ ಯಜಮಾನ ಪಿಲ್ಸುನ್‌ಳನ್ನು ಕರೆದು, ಇನ್ನು ನೀನು ಗಂಟು ಕಟ್ಟುವುದು ಬೇಡ, ಹಿಂದೆ ಕೂತು ಕರುಳು ತೊಳೆ ಎಂದ. ಅವಳು ಅವತ್ತೇ ಹೋಗಿ ತೊಟ್ಟಿಯ ಮುಂದೆ ಕೂತಳು. ಅವಳ ಕೈ ಮುಟ್ಟಿದ ಮೀನನ್ನು ಪೂಜೆಗೆ ಕೊಳ್ಳಲು ಜನ ಹೆದರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಒಂದು ಕಾಲದಲ್ಲಿ ಆ ಕೈಗಾಗಿ ಸಾಲು ನಿಂತವರೇ ಈಗ ಅವಳು ಎದುರಾದರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು.

ಮನೆಯಲ್ಲಿ ಓಕ್‌ಬುನ್ ಬೇರೆ. ಗಂಡನ ಪುಣ್ಯತಿಥಿಯ ಎಡೆಗೆ ಪಿಲ್ಸುನ್ ಅಡುಗೆ ಮಾಡಬಹುದು, ಅಡ್ಡಬೀಳುವಂತಿಲ್ಲ. "ಕೊಂದ ಕೈ ಮುಗಿದ್ರೆ ಅವನ ಆತ್ಮ ಬರುತ್ತಾ?" ಎನ್ನುವಳು. ಪಿಲ್ಸುನ್ ಅಡುಗೆಮನೆಯ ಹೊಸ್ತಿಲ ಒಳಗೇ ನಿಂತು ನೋಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ನೀನೂ ಎರಡು ಮಾತು ಆಡಕ್ಕ. ಬಾಯಿಗೇನು ಬೀಗ ಬಿದ್ದಿದ್ಯಾ?"

"ಅವರು ಹೇಳೋದು ನಿಜ ಇದ್ರೆ?" ಎಂದಳು. "ನಾನೇ ತಾನೆ ಕಟ್ಟಿದ್ದು. ಮುಂದಿನ ಗಾಜಿನ ಹತ್ರ ಇಟ್ಟಿದ್ರೆ ಇರ್ತಿದ್ರೇನೋ."

ಅವಳನ್ನು ಒಳಗೊಳಗೇ ತಿನ್ನುತ್ತಿದ್ದುದು ಅದು. ಊರಿನ ಮಾತಲ್ಲ, ಕೆಲಸ ಹೋದದ್ದಲ್ಲ. ಗಂಡನನ್ನು ಕೊಂದದ್ದು ತನ್ನ ಕೈಯೇ ಹೌದೋ ಅಲ್ಲವೋ ಎಂಬುದೊಂದೇ ಅವಳಿಗೆ ತಿಳಿಯಬೇಕಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಡ್ರೈವರುಗಳು ಊಟಕ್ಕೆ ಕೂತಿದ್ದಾಗ, ಟೀವಿಯಲ್ಲಿ ಸುದ್ದಿ ಬಂತು. ಅದೇ ಕಂಪನಿ, ಅದೇ ಲಾರಿ. ಹೊಗೆಯ ಮಸಿ ಸೋಸುವ ಡಬ್ಬಿಯೊಂದು ಸೈಲೆನ್ಸರ್ ಜೊತೆಗಿದೆಯಂತೆ. ಗಾಡಿ ನಿಂತಲ್ಲೇ ಎಂಜಿನ್ನು ಬಹಳ ಹೊತ್ತು ಓಡಿದರೆ ಅದು ಕೆಂಡದಂತೆ ಕಾಯುತ್ತದಂತೆ. ಬೆಂಕಿ ಹತ್ತುವ ಅಪಾಯವಿದೆಯಂತೆ. ಆದ್ದರಿಂದ ಎಲ್ಲ ಗಾಡಿಗಳನ್ನೂ ವಾಪಸ್ ಕರೆಸಿ, ಪುಕ್ಕಟೆ ರಿಪೇರಿ ಮಾಡಿಕೊಡುತ್ತಾರಂತೆ. ಗ್ರಾಹಕರ ಸುರಕ್ಷತೆಯೇ ನಮ್ಮ ಉಸಿರು ಎಂದು ಕಂಪನಿಯ ದೊಡ್ಡವನು ಬಗ್ಗಿದ. ಊರು ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಒಬ್ಬ ಎದ್ದು, "ನನ್ನ ಗಾಡಿ ಹೊರಗೆ ಚಾಲೂ ಇದೆ, ಆಫ್ ಮಾಡಿ ಬರ್ತೀನಿ" ಎಂದು ಓಡಿದ. ಅವನ ಹಿಂದೆ ಇನ್ನಿಬ್ಬರು. ಉಳಿದವರು ಬಟ್ಟಲಿಗೆ ಮುಖ ಹಾಕಿಕೊಂಡು ಕೂತರು. ಪಿಲ್ಸುನ್ ಹೆಸರನ್ನು ಒಬ್ಬನೂ ಎತ್ತಲಿಲ್ಲ.

"ಸಾರು ಆರ್ತಿದೆ, ಉಣ್ಣಿ" ಎಂದೆ ನಾನು. "ಇದ್ರಲ್ಲೂ ಮೀನಿದೆ, ಹುಷಾರಾಗಿ ಉಣ್ಣಿ."

ಒಲೆ ಆರಿಸಿ ನೇರ ಚಪ್ಪರದ ಕಡೆ ಹೋದೆ. ಅವಳು ಕರುಳಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಹೇಳಿದೆ. ಅವಳು ಎರಡು ಸಲ ಹೇಳಿಸಿದಳು.

"ನಿಂತಿದ್ದಾಗ್ಲೇ ಅಂದ್ರಾ? ಎಂಜಿನ್ ಓಡ್ತಿದ್ದಾಗ?"

"ಹೂಂ ಅಕ್ಕ. ಹಿಂದುಗಡೆಯಿಂದ. ಸೀಟಿನ ಹತ್ರ ಅಲ್ಲ."

ಅವಳು ಕೈ ತೊಳೆದುಕೊಂಡಳು, ಮತ್ತೆ ತೊಳೆದುಕೊಂಡಳು. "ನನ್ನ ಜೊತೆ ಬಾ" ಎಂದಳು. "ಆ ಕಂಪನಿಯೋರ ಹತ್ರ ಹೋಗ್ಬೇಕು. ನಂಗೆ ದುಡ್ಡು ಬೇಡ, ಏನೂ ಬೇಡ. ನಿನ್ನ ಮೀನಲ್ಲ ಅಂತ ಒಬ್ರು ಬಾಯಲ್ಲಿ ಹೇಳ್ಲಿ."

ಘಾಟಿಯ ಆಚೆ, ಸಮುದ್ರದ ದಂಡೆಯ ಪಟ್ಟಣದಲ್ಲಿ ಕಂಪನಿಯ ರಿಪೇರಿ ಜಾಗ. ಹೊರಗೆ ಲಾರಿಗಳ ಸಾಲು, ಚಿಸುವಿನ ಲಾರಿಯ ಅಣ್ಣತಮ್ಮಂದಿರು. ಒಳಗೆ ಕಾಫಿ, ಬಿಸ್ಕತ್ತು, ಮೆತ್ತನೆ ಕುರ್ಚಿ. ಕೌಂಟರಿನ ಹುಡುಗಿ ಗಾಡಿ ನಂಬರು ಕೇಳಿದಳು. ಪಿಲ್ಸುನ್ ಹೇಳಿದಳು. ಹುಡುಗಿ ನೋಡಿ, "ಈ ಗಾಡಿ ಗುಜರಿಗೆ ಹೋಗಿದೆ ಅಜ್ಜಿ, ಗುಜರಿಗೆ ಹೋಗಿರೋದು ಇದ್ರಲ್ಲಿ ಬರಲ್ಲ" ಎಂದಳು.

"ಗುಜರಿಗೆ ಯಾಕೆ ಹೋಯ್ತು ಅಂತ ಅದ್ರಲ್ಲಿ ಬರುತ್ತಾ?" ಎಂದೆ ನಾನು.

ಅಷ್ಟರಲ್ಲಿ ನಾಮ್‌ಗುಂಗ್ ಕಾಣಿಸಿದ. ಎದೆಗೆ ರಿಬ್ಬನ್ ಚುಚ್ಚಿಕೊಂಡು, ಬಂದ ಡ್ರೈವರುಗಳಿಗೆಲ್ಲ ಬಗ್ಗುತ್ತಿದ್ದ. ಪಿಲ್ಸುನ್ ನೇರ ಅವನ ಎದುರು ಹೋಗಿ ನಿಂತಳು. ಅವನಿಗೆ ಗುರುತು ಹತ್ತಿತು. ಮೂಲೆಯ ಕುರ್ಚಿಗೆ ಕರೆದೊಯ್ದು ಕೂರಿಸಿದ.

"ಈಗ ಮಾಡ್ತಿರೋದು ಮುನ್ನೆಚ್ಚರಿಕೆಗೆ ಅಮ್ಮ. ಹಳೇ ಪ್ರಕರಣಗಳಿಗೂ ಇದಕ್ಕೂ ಸಂಬಂಧ ಇಲ್ಲ."

"ನಮ್ಮ ಯಜಮಾನ್ರು ಹಳೇ ಪ್ರಕರಣಾನಾ?"

"ಹಾಗಲ್ಲಮ್ಮ. ನಿಮ್ಮ ವಿಷ್ಯದಲ್ಲಿ ಕಾರಣ ಬೇರೆ. ನೀವೇ ಹೇಳಿದ್ರಿ, ನಾನೇ ಕೇಳಿಸ್ಕೊಂಡೆ."

"ಎಲ್ಲಿ ಹೇಳ್ದೆ?"

"ಸಾವಿನ ಮನೇಲಿ."

ಪಿಲ್ಸುನ್ ದನಿ ಏರಿಸಲಿಲ್ಲ. "ನಿಮ್ಮ ತಾಯಿ ಇದ್ದಾರಾಪ್ಪ?"

"ಇಲ್ಲಮ್ಮ. ಹೋದ್ವರ್ಷ ತೀರ್ಕೊಂಡ್ರು."

"ಬಂದೋರು ಬಗ್ಗಿದಾಗ ನೀವೇನಂದ್ರಿ?"

ಅವನು ಎದೆಯ ರಿಬ್ಬನ್ ಸರಿಪಡಿಸಿಕೊಂಡ. ಹೊರಗೆ ಯಾವುದೋ ಲಾರಿಯನ್ನು ಮೇಲೆತ್ತುವ ಸದ್ದು. "ನಾನೇ ಪಾಪಿ ಅಂದೆ" ಎಂದ.

"ಹಾಗಾದ್ರೆ ನಿಮ್ಮಮ್ಮನ್ನ ನೀವೇ ಕೊಂದ್ರಾ?"

ನಾಮ್‌ಗುಂಗ್ ಎದ್ದು ನಿಂತ. ಬಗ್ಗಿದ, ಸೊಂಟ ಮುರಿಯುವ ಹಾಗೆ ಬಗ್ಗಿದ, ಹಾಗೇ ಇದ್ದ. ಆದರೆ ಬಾಯಿ ತೆರೆಯಲಿಲ್ಲ. ಬೆನ್ನು ಎಷ್ಟು ಬಗ್ಗಿದರೂ ಕಂಪನಿಗೆ ನಷ್ಟವಿಲ್ಲ, ಬಾಯಿಂದ ಒಂದು ಮಾತು ಬಿದ್ದರೆ ಇದೆ. ಪಿಲ್ಸುನ್ ಅವನ ನೆತ್ತಿಯನ್ನು ನೋಡುತ್ತ ಕಾದಳು. ಕೊನೆಗೆ ಅವಳೇ ಎದ್ದಳು. ಬಾಗಿಲಲ್ಲಿ ಕೌಂಟರಿನ ಹುಡುಗಿ ಬಂದವರಿಗೆಲ್ಲ ಕೊಡುತ್ತಿದ್ದ ಕೊಡೆಯೊಂದನ್ನು ಇವಳ ಕೈಗೂ ತುರುಕಿದಳು. ಅದನ್ನು ನಾನು ಬಸ್‌ಸ್ಟಾಪಿನಲ್ಲೇ ಬಿಟ್ಟು ಬಂದೆ.

ಬಸ್ಸಿನಲ್ಲಿ ಅವಳು ಹೇಳಿದ್ದು ಒಂದೇ ಮಾತು. "ಅವನಿಗೆ ಗೊತ್ತಿತ್ತು. ಅದು ಬರೀ ಸಾವಿನ ಮನೆ ಮಾತು ಅಂತ ಗೊತ್ತಿದ್ದೇ ಕೇಳಿಸ್ಕೊಂಡ."

ಮನೆಗೆ ಬಂದು ಓಕ್‌ಬುನ್‌ಗೆ ಎಲ್ಲವನ್ನೂ ನಾನೇ ಹೇಳಿದೆ. ಮುದುಕಿ ಅಂಗಳದ ಮಂಚದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ನಾನು ಕೊಂದೆ ಅಂತ ಅಂದೋಳು ಇವಳೇ ತಾನೆ."

"ಹಾಗೆ ಅನ್ನೋ ಹಾಗೆ ಮಾಡಿದ್ದು ನೀವು" ಎಂದೆ. "ಕಂಪನಿಯೋರೇ ತಮ್ಮ ಗಾಡೀಲಿ ದೋಷ ಇದೆ ಅಂತಿದ್ದಾರೆ. ಅವರನ್ನ ಬೈಯಿರಿ."

"ಕಂಪನೀನ ಬೈದ್ರೆ ಕಂಪನಿಗೆ ಕೇಳ್ಸುತ್ತಾ?" ಎಂದಳು ಓಕ್‌ಬುನ್. "ಅದಕ್ಕೆ ಮುಖ ಇದ್ಯಾ, ಕಿವಿ ಇದ್ಯಾ? ಇವಳಾದ್ರೆ ದಿನಾ ಎದುರಿಗೆ ಇರ್ತಾಳೆ."

ಆ ಮುದುಕಿಯನ್ನು ನಾನು ಕ್ಷಮಿಸಿಲ್ಲ. ಆದರೆ ಅವಳಷ್ಟು ನಿಜ ಹೇಳಿದವರು ಈ ಇಡೀ ವ್ಯವಹಾರದಲ್ಲಿ ಬೇರೆ ಯಾರೂ ಇಲ್ಲ.

ಗಾಡಿಗಳೆಲ್ಲ ರಿಪೇರಿಯಾಗಿ ಬಂದವು. ಮುಂದಿನ ಚಳಿಗಾಲಕ್ಕೆ ಡ್ರೈವರುಗಳು ಒಬ್ಬೊಬ್ಬರೇ ಪಿಲ್ಸುನ್ ಬಾಗಿಲಿಗೆ ಬರತೊಡಗಿದರು. ತಪ್ಪಾಯಿತು ಎಂದು ಯಾರೂ ಅನ್ನಲಿಲ್ಲ. ಏನೂ ಆಗದವರ ಹಾಗೆ, ಒಂದು ಒಳ್ಳೆ ಮೀನು ಕಟ್ಟಿಕೊಡು ಅಂದರು.

"ಕಂಪನಿಯೋರು ಸರಿ ಮಾಡಿ ಕೊಟ್ರಲ್ಲ, ಇನ್ನು ಮೀನ್ಯಾಕೆ?" ಎಂದು ಬಾಗಿಲು ಎಳೆದುಕೊಂಡಳು. ಚಪ್ಪರದ ಯಜಮಾನ ಮತ್ತೆ ಗಂಟು ಕಟ್ಟಲು ಕರೆದ. ಕರುಳು ತೊಳೆಯುವುದೇ ಅಭ್ಯಾಸವಾಗಿದೆ ಎಂದಳು. ಜನ ಅವಳಿಗೆ ಜಂಬ ಬಂತೆಂದರು. ನಮ್ಮವರ ತಕ್ಕಡಿಯೇ ಹಾಗೆ, ತಲೆ ತಗ್ಗಿಸಿದರೆ ತಪ್ಪಿತಸ್ಥೆ, ಎತ್ತಿದರೆ ಜಂಬಗಾತಿ.

ಆಮೇಲೆ ಓಕ್‌ಬುನ್ ಹಾಸಿಗೆ ಹಿಡಿದಳು. ಹೊಟ್ಟೆ ಉಬ್ಬಿತು, ಕಣ್ಣು ಹಳದಿಯಾಯಿತು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಗಂಜಿ ಕುಡಿಸಿದವಳು, ಬಟ್ಟೆ ಬದಲಿಸಿದವಳು, ಬೆನ್ನು ಉಜ್ಜಿದವಳು ಪಿಲ್ಸುನ್. ಮುದುಕಿ ಕೊನೆಯವರೆಗೂ ಬೈದಳು, ದನಿ ಹೋದ ಮೇಲೆ ಕಣ್ಣಲ್ಲೇ ಬೈದಳು. ಸಾಯುವ ಮುಂಚೆ ಕೈ ಹಿಡಿದು ಅತ್ತಳು ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ಹಾಗೇನೂ ಆಗಲಿಲ್ಲ. ಗಂಜಿ ತಣ್ಣಗಿದೆ ಎಂದು ಮುಖ ತಿರುಗಿಸಿಕೊಂಡವಳು ಹಾಗೆಯೇ ಹೋದಳು.

ಮತ್ತೆ ಅದೇ ಆಸ್ಪತ್ರೆಯ ನೆಲಮಾಳಿಗೆ. ಓಕ್‌ಬುನ್‌ಗೆ ಬೇರೆ ಯಾರಿದ್ದಾರೆ, ಫೋಟೊ ಪಕ್ಕದಲ್ಲಿ ಪಿಲ್ಸುನ್‌ಳೇ ಕಪ್ಪು ಬಟ್ಟೆಯಲ್ಲಿ ನಿಂತಳು. ಸಾರು ಬಡಿಸಲು ಬಂದಿದ್ದ ನಾನು ಅವಳ ಹಿಂದೆಯೇ ಇದ್ದೆ. ಮೊದಲು ಬಂದವನು ಚಪ್ಪರದ ಯಜಮಾನ. ಫೋಟೊಗೆ ಅಡ್ಡಬಿದ್ದು, ಇವಳ ಕಡೆ ತಿರುಗಿ ಬಗ್ಗಿ, ಏನು ಹೇಳಬೇಕೋ ಗೊತ್ತಾಗ್ತಿಲ್ಲ ಎಂದ. ಎಲ್ಲರೂ ಆಡುವ ಉತ್ತರಕ್ಕಾಗಿ ತಲೆ ತಗ್ಗಿಸಿ ಕಾದ.

ಪಿಲ್ಸುನ್ ತಲೆ ಎತ್ತಿ, ಕೋಣೆಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು. "ಲಿವರ್ ಕ್ಯಾನ್ಸರ್. ಡಾಕ್ಟರೇ ಹೇಳಿದ್ದಾರೆ. ನಾನೇನೂ ಮಾಡಿಲ್ಲ."

ಯಜಮಾನ ಬಗ್ಗಿದ್ದವನು ಏಳುವುದೋ ಬೇಡವೋ ತಿಳಿಯದೆ ಹಾಗೇ ಉಳಿದ. ಅವನ ಹಿಂದೆ ಬಂದ ಹೆಂಗಸಿಗೂ ಅದೇ ಮಾತು. ಅವಳ ಹಿಂದಿನ ಡ್ರೈವರಿಗೂ ಅದೇ. ಊಟಕ್ಕೆ ಕೂತವರು ತಿರುಗಿ ನೋಡತೊಡಗಿದರು. ನಾನು ಅವಳ ತೋಳು ಹಿಡಿದು ಕಿವಿಯಲ್ಲಿ ಹೇಳಿದೆ, "ಅಕ್ಕ, ಇವರೆಲ್ಲ ನಮ್ಮೋರು. ಇಲ್ಲಿ ಯಾರೂ ಕೇಳಿಸ್ಕೊಳ್ಳೋಕೆ ಬಂದಿಲ್ಲ."

"ಅವತ್ತೂ ಹಾಗೇ ಅಂದ್ಕೊಂಡಿದ್ದೆ" ಎಂದಳು. ನನ್ನ ಕೈ ಬಿಡಿಸಿಕೊಂಡು ಮುಂದೆ ನಿಂತಿದ್ದವರ ಕಡೆ ತಿರುಗಿದಳು. "ಲಿವರ್ ಕ್ಯಾನ್ಸರ್. ನಾನೇನೂ ಮಾಡಿಲ್ಲ."